ಎರಡು ಮಾತ್ರೆಗಳೂ ಹಠದ ಕ್ರಿಮಿಯೂ

ಕಂಡಕ್ಟರ್ ಮಡಿವಾಳಪ್ಪನ ಎದೆಗೂಡಿನಲ್ಲಿ ಒಂದು ಕ್ಷಯದ ಕ್ರಿಮಿ ಬಳಗ ಕಟ್ಟಿಕೊಂಡು ಬಾಳುತ್ತಿತ್ತು. ಒಂದು ದಿನ ಕೆಂಪು ಮಾತ್ರೆಯೂ ಬಿಳಿ ಮಾತ್ರೆಯೂ ಜೊತೆಯಾಗಿ ಬಂದು ಬಳಗವನ್ನೆಲ್ಲ ಸದೆಬಡಿದವು. ಈ ಕ್ರಿಮಿ ಮಾತ್ರ ಉಣ್ಣದೆ, ಬೆಳೆಯದೆ ಮೂಲೆಯಲ್ಲಿ ಬಿದ್ದುಕೊಂಡು ಜೀವ ಉಳಿಸಿಕೊಂಡಿತು.

"ಎದ್ದು ಬಾ" ಎಂದಿತು ಕೆಂಪು ಮಾತ್ರೆ.

"ನೀವಿಬ್ಬರೂ ಒಟ್ಟಿಗಿರುವ ತನಕ ಏಳಲಾರೆ. ಎಷ್ಟು ದಿನವಾದರೂ ಕಾಯುತ್ತೇನೆ" ಎಂದಿತು ಕ್ರಿಮಿ.

"ಕಾಯಿ. ನಾವೂ ಆರು ತಿಂಗಳು ಬಿಡದೆ ಬರುತ್ತೇವೆ" ಎಂದಿತು ಬಿಳಿ ಮಾತ್ರೆ.

ಎರಡು ತಿಂಗಳಿಗೆ ಮಡಿವಾಳಪ್ಪನ ಕೆಮ್ಮು ನಿಂತಿತು. ಹೊಟ್ಟೆ ತೊಳಸುತ್ತದೆಂದು ಅವನು ಬಿಳಿ ಮಾತ್ರೆಯನ್ನು ಬಿಟ್ಟುಬಿಟ್ಟ.

"ಡಾಕ್ಟರು ಎರಡೂ ನುಂಗ್ರಿ ಅಂದಾರಲ್ರೀ" ಎಂದಳು ಹೆಂಡತಿ ನೀಲವ್ವ.

"ಆರಾಮ ಅದೀನಿ, ಒಂದು ಸಾಕು" ಎಂದ ಅವನು.

ಕೆಂಪು ಮಾತ್ರೆ ಒಂಟಿಯಾಗಿ ಬಂದದ್ದನ್ನು ಕಂಡು ಕ್ರಿಮಿ ಎದ್ದಿತು. ಒಡೆದು ಎರಡಾಯಿತು, ನಾಲ್ಕಾಯಿತು. ಹುಟ್ಟಿದವು ಸತ್ತವು, ಆದರೂ ಅದು ಹಠ ಬಿಡಲಿಲ್ಲ. ಕೊನೆಗೆ ಹುಟ್ಟಿನಲ್ಲೇ ತುಸು ಬೇರೆಯಾಗಿದ್ದ ಒಂದು ಮರಿಗೆ ಕೆಂಪು ಮಾತ್ರೆಯ ಏಟು ನಾಟಲಿಲ್ಲ. ಆ ಮರಿಯ ಸಂತಾನವೇ ಎದೆಯನ್ನು ತುಂಬಿತು.

ಕೆಮ್ಮಿನಲ್ಲಿ ರಕ್ತ ಕಂಡು ಹೆದರಿದ ಮಡಿವಾಳಪ್ಪ ಮತ್ತೆ ಎರಡೂ ಮಾತ್ರೆ ನುಂಗಿದ.

"ಬಾ ಅಣ್ಣಾ, ಮೊದಲಿನಂತೆ ಕೂಡಿ ಹೊಡೆಯೋಣ" ಎಂದಿತು ಬಿಳಿ ಮಾತ್ರೆ.

"ನನ್ನ ಏಟಿಗೆ ಇವು ಈಗ ಜಗ್ಗುವುದಿಲ್ಲ, ತಮ್ಮಾ. ಬಂದವರು ಇಬ್ಬರಾದರೂ ಕಾದುವವನು ನೀನೊಬ್ಬನೇ" ಎಂದಿತು ಕೆಂಪು ಮಾತ್ರೆ.

ಬಿಳಿ ಮಾತ್ರೆ ಹಿಂಜರಿಯದೆ ನುಗ್ಗಿತು. ಸಾವಿರಾರು ಕ್ರಿಮಿಗಳು ಸತ್ತವು. ಮತ್ತೆ ಮೂಲೆ ಸೇರಿದ್ದ ಆ ಹಠದ ಮುದಿ ಕ್ರಿಮಿ ಉಳಿದವುಗಳತ್ತ ತಿರುಗಿ, "ನಿಲ್ಲಬೇಡಿ, ಒಡೆಯುತ್ತಲೇ ಇರಿ. ಇವನೊಬ್ಬನ ಏಟು ತಡೆಯುವ ಮರಿಯೂ ನಮ್ಮಲ್ಲಿ ಹುಟ್ಟೇ ಹುಟ್ಟುತ್ತದೆ" ಎಂದಿತು.