ಅಳಿಲಕ್ಕನ ವಿದ್ಯೆ

ಚರ್ಚಿನ ಪಾರಿವಾಳದ ನಂಬಿಕೆಯನ್ನೂ ಕಾಡಿನ ಮಂಗಟ್ಟೆ ಹಕ್ಕಿಯ ನಂಬಿಕೆಯನ್ನೂ ಹೋಲಿಸಿ ನೋಡುವುದರಲ್ಲಿ ಅಳಿಲಕ್ಕನನ್ನು ಮೀರಿಸಿದವರಿರಲಿಲ್ಲ. ಒಂದು ದಿನ ತನ್ನ ಗೂಡಿದ್ದ ಹೊನ್ನೆಮರದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದಳು. ಅಷ್ಟರಲ್ಲಿ ಕೊಡಲಿ ಬಂದು ಬುಡಕ್ಕೆ ಒಂದೇಟು ಹಾಕಿತು.

"ಕಡಿಯಬೇಡ! ಇದನ್ನು ಸೃಷ್ಟಿಸಿದ ದೇವರು ಮೇಲಿದ್ದಾನೆ" ಎಂದಿತು ಪಾರಿವಾಳ.

"ಕಡಿಯಬೇಡ! ಇದರೊಳಗೇ ದೈವ ಕೂತಿದೆ" ಎಂದಿತು ಮಂಗಟ್ಟೆ.

ಕೊಡಲಿ ಅಳುಕಿತು. "ಅಳಿಲಕ್ಕಾ, ಇಬ್ಬರನ್ನೂ ಬಲ್ಲವಳು ನೀನು. ನಾನೇನು ಮಾಡಲಿ?"

ಗೂಡಿನಲ್ಲಿ ಮರಿಗಳು ಕಿಚಗುಟ್ಟಿದವು. ಆದರೂ ಕಲಿತ ವಿದ್ಯೆ ಬಿಡಬೇಕಲ್ಲ! "ಇವರಿಬ್ಬರ ಮಾತಿಗೂ ತಾಳಮೇಳವಿಲ್ಲ. ಒಬ್ಬರ ದೇವರು ಮರದ ಹೊರಗೆ, ಇನ್ನೊಬ್ಬರದು ಒಳಗೆ" ಎಂದಳು.

"ಇಬ್ಬರೂ ಕಡಿಯಬೇಡ ಎಂದದ್ದು ಮಾತ್ರ ನಿನ್ನ ಕಿವಿಗೆ ಬೀಳಲಿಲ್ಲ. ಸರಿ, ಮರಿಗಳನ್ನು ಎತ್ತಿಕೋ" ಎಂದು ಕೊಡಲಿ ಮತ್ತೆ ಮೇಲೆದ್ದಿತು.