ತಟ್ಟೆಯಲ್ಲಿ ಉಳಿದದ್ದು

ಸಮುದ್ರದ ದಂಡೇಲಿ ಒಬ್ರು ಗುರುಗಳಿದ್ರು. ಅವರ ಮನೆ ಜಗಲೀಲಿ ದೊಡ್ಡ ಗಾಜಿನ ತೊಟ್ಟಿ. ಅದರ ತುಂಬಾ ಉಪ್ಪುನೀರು. ಒಳಗೆ ಒಂದೇ ಒಂದು ಏಂಜೆಲ್ ಮೀನು. ಊಟದ ತಟ್ಟೆಯಷ್ಟು ಅಗಲ, ನೀಲಿ ಮೈಗೆ ಹಳದಿ ಗೆರೆ. ಹನ್ನೆರಡು ವರ್ಷದಿಂದ ಗುರುಗಳ ಜೊತೆಗಿತ್ತು.

ಶಿಷ್ಯ ವಿಠೋಬನಿಗೆ ಕಲಿಯೋ ಹಸಿವು ಜಾಸ್ತಿ. ಬೆಳಗಾದ್ರೆ ಸಾಕು, "ಗುರುಗಳೇ, ಇವತ್ತು ಹೊಸದೇನು?" ಅಂತ ಬಂದು ಕೂರ್ತಿದ್ದ.

"ನಿನ್ನೆ ಹೇಳಿದ್ದು?"

"ಆಗ್ಲೇ ಬಾಯಿಪಾಠ ಆಯ್ತು!"

ಒಂದು ಸಲ ಗುರುಗಳು ತಿಂಗಳ ಮಟ್ಟಿಗೆ ಪರವೂರಿಗೆ ಹೊರಟ್ರು.

"ಮೀನು ನಿನ್ನ ಕೈಲಿದೆ. ತೊಟ್ಟೀಲಿ ನೀರು ಇಳಿದ್ರೆ ತುಂಬಿಸು," ಅಂದ್ರು.

ಯಾವ ನೀರು ಅಂತ ವಿಠೋಬ ಕೇಳ್ಲಿಲ್ಲ. ಸಮುದ್ರದ ಮೀನು, ಕೇಳೋದೇನು?

ಗುರುಗಳು ವಾಪಸ್ ಬಂದಾಗ ಮೀನು ಮೂಲೆ ಹಿಡಿದಿತ್ತು. ಬಣ್ಣ ಮಾಸಿತ್ತು. ನಾಲ್ಕು ದಿನದಿಂದ ಏನೂ ಮುಟ್ಟಿರ್ಲಿಲ್ಲ.

"ಏನು ಹಾಕಿದೆ?"

"ಸಮುದ್ರದ ನೀರೇ ಗುರುಗಳೇ! ದಿನಾ ಒಂದು ಕೊಡ. ಒಂದು ದಿನಾನೂ ತಪ್ಪಿಸಿಲ್ಲ. ಭುಜ ನೋಡಿ, ಹೇಗೆ ಬಾತಿದೆ. ಆದ್ರೂ ಇದು ಸಾಯ್ತಿದೆ."

ಗುರುಗಳು ಒಂದು ತಟ್ಟೆಗೆ ಒಂದು ಸೌಟು ಸಮುದ್ರದ ನೀರು ಹಾಕಿ, ಅಂಗಳದ ಬಿಸಿಲಲ್ಲಿಟ್ರು.

"ಕಾಯ್ತಾ ಕೂತ್ಕೋ."

"ಅಷ್ಟರಲ್ಲಿ ಮೀನು ಸತ್ರೆ?"

"ನಿನ್ನ ಕೊಡ ನಿಂತಿದೆಯಲ್ಲ. ಸಾಯಲ್ಲ."

ಮಧ್ಯಾಹ್ನ ದಾಟಿತು.

"ಗುರುಗಳೇ, ಆರಿಹೋಯ್ತು. ತಟ್ಟೆ ಖಾಲಿ."

"ನೆಕ್ಕು."

ವಿಠೋಬ ನೆಕ್ಕಿದ. ಮುಖ ಕಿವುಚಿ ಥೂ ಅಂತ ಉಗಿದ.

"ಹಾರಿಹೋಗಿದ್ದು ಏನು?"

"ನೀರು."

"ಉಳಿದಿದ್ದು?"

"ಉಪ್ಪು!" ಅಂದವನೇ ವಿಠೋಬ ಒಂದೇ ಓಟಕ್ಕೆ ಸಿಹಿನೀರಿನ ಬಾವಿಗೆ ಹೋಗಿ ಕೊಡ ತುಂಬ್ಕೊಂಡು ಬಂದ. ತೊಟ್ಟಿಗೆ ಬಗ್ಗಿಸೋಕೆ ಹೋದಾಗ ಗುರುಗಳು ಕೈ ಹಿಡಿದ್ರು.

"ಮಾರಾಯ, ಒಂದೇ ಸಲ ಸುರಿದ್ರೂ ಸಾಯತ್ತೆ. ಉಪ್ಪು ಏರೋಕೆ ತಿಂಗಳು ಹಿಡೀತು, ಇಳಿಯೋಕೂ ದಿನ ಬೇಕು. ತೊಟ್ಟಿಯಿಂದ ಒಂದು ಚೊಂಬು ತೆಗಿ, ಬಾವಿ ನೀರು ಒಂದು ಚೊಂಬು ಹಾಕು. ಆಮೇಲೆ ಸ್ವಲ್ಪ ಹೊತ್ತು ಹಾಗೇ ಬಿಡು."

ಹಾಗೇ ಮಾಡಿದ. ನಡುನಡುವೆ ಬರೀ ಕೂತು ನೋಡೋದು ಅವನಿಗೆ ಕೊಡ ಹೊರೋದಕ್ಕಿಂತ ಕಷ್ಟ ಆಯ್ತು.

ಒಂಬತ್ತನೇ ದಿನ ಮೀನು ಮೂಲೆ ಬಿಟ್ಟು ಬಂತು. ಕಲ್ಲಿನ ಮೇಲಿನ ಪಾಚಿ ಕಿತ್ತು ತಿಂತು.

ವಿಠೋಬನಿಗೆ ಹೋದ ಜೀವ ಬಂದ ಹಾಗಾಯ್ತು. ಕೈ ಒರೆಸ್ಕೊಂಡು ಗುರುಗಳ ಎದುರು ಬಂದು ಕೂತ.

"ಗುರುಗಳೇ, ಒಂದು ತಿಂಗಳ ಪಾಠ ಬಾಕಿ ಉಳಿದಿದೆ. ಇವತ್ತು ಹೊಸದೇನು?"

ಗುರುಗಳು ಬಾವಿ ಕಡೆ ಕೈ ತೋರಿಸಿದ್ರು.

"ಎರಡು ಕೊಡ ಸೇದು. ಒಂದು ಮೀನಿಗೆ. ಒಂದು ನಿನಗೆ. ನಿನ್ನೊಳಗೂ ಉಪ್ಪು ಏರಿದೆ."