ನೂಲವ್ವ ತನ್ನ ಬಲೆಯನ್ನೇ ತಿಂದದ್ದು

ಲೋಕ ಹೊಸದಾಗಿದ್ದ ಕಾಲ ಅದು. ಬೆಟ್ಟಗಳ ಮಣ್ಣು ಇನ್ನೂ ಆರಿರಲಿಲ್ಲ. ಆಗ ಹಳ್ಳದ ದಂಡೆಯ ಲಕ್ಕಿ ಗಿಡದಲ್ಲಿ ನೂಲವ್ವ ಎಂಬ ಜೇಡ ಇದ್ದಳು.

ನೂಲವ್ವ ದಿನಾ ಬಲೆ ನೇಯುವಳು. ಗಾಳಿರಾಯ ದಿನಾ ಬಂದು ಹರಿಯುವನು. ಹರಿದದ್ದನ್ನು ಅಲ್ಲೇ ಬಿಟ್ಟು ಅವಳು ಪಕ್ಕದಲ್ಲಿ ಇನ್ನೊಂದು ನೇಯುವಳು. ಮತ್ತೆ ಗಾಳಿ, ಮತ್ತೆ ಹರಕು, ಮತ್ತೆ ನೇಯ್ಗೆ.

ಹಳೆಯ ಬಲೆಗಳು ಗಿಡದ ತುಂಬ ಜೋತುಬಿದ್ದವು. ಮೊಗ್ಗುಗಳು ಅರಳಲಾರದೆ ಮುದುಡಿದವು. ಸೂರಕ್ಕಿ ಕೊಕ್ಕಿಗೆ ಮೆತ್ತಿದ ಅಂಟನ್ನು ಕೊಂಬೆಗೆ ಉಜ್ಜುತ್ತ ಇಡೀ ಬೆಳಗು ಕೂತಿತು. ನೀರಿನ ಮೇಲೆಲ್ಲ ನೂಲು ತೇಲುತ್ತದೆಂದು ಹಳ್ಳ ಗೊಣಗಿತು. ಎಲ್ಲರೂ ನೂಲವ್ವನನ್ನೇ ಬೈದರು. ಹರಿದವನನ್ನು ಮಾತ್ರ ಯಾರೂ ಕೇಳಲಿಲ್ಲ.

ಕೊನೆಗೆ ನೂಲವ್ವನೇ ಕೇಳಿದಳು. ಬೀಸದೆ ಕೂತರೆ ತಾನು ಗಾಳಿ ಹೇಗಾದೇನು ಎಂದ ಗಾಳಿರಾಯ. ಹೋಗುವಾಗ ಉಳಿದ ಬಲೆಯನ್ನೂ ಹರಿದುಕೊಂಡೇ ಹೋದ.

ಅಷ್ಟರಲ್ಲಿ ಅವಳಿಗೆ ಮೊಟ್ಟೆಯಿಡುವ ಹೊತ್ತು ಬಂತು. ಮೊಟ್ಟೆಗಳಿಗೆ ನೂಲಿನ ಚೀಲ ಬೇಕು, ಇಲ್ಲದಿದ್ದರೆ ಅವು ಇರುವೆಗಳ ಪಾಲು. ಆದರೆ ಹೊಟ್ಟೆ ಹಿಂಡಿದರೂ ಎಳೆ ಬರಲಿಲ್ಲ. ಬಲೆಯಿಲ್ಲದೆ ನೊಣವಿಲ್ಲ, ನೊಣವಿಲ್ಲದೆ ನೂಲಿಲ್ಲ. ಸುತ್ತ ನೋಡಿದರೆ ನೂಲೇ ನೂಲು. ಕೆಲಸಕ್ಕೆ ಬರುವುದು ಒಂದೆಳೆಯೂ ಇಲ್ಲ.

ನೂಲವ್ವನಿಗೆ ರೇಗಿಹೋಯಿತು. ಹಳೆಯ ಬಲೆಯನ್ನು ಸರಸರ ಎಳೆದು, ಉಂಡೆ ಕಟ್ಟಿ, ಬಾಯಿಗೆ ತುರುಕಿಕೊಂಡಳು. ಉಂಡೆ ಕರಗಲಿಲ್ಲ.

ಜೇಡಗಳ ಹೊಟ್ಟೆಯಲ್ಲಿ ಒಂದು ರಸವಿದೆ. ನೊಣವನ್ನು ಕರಗಿಸಿ ಗಂಜಿ ಮಾಡುವುದು ಅದರ ಕೆಲಸ. ಆ ರಸ ಬಾಯಿತನಕ ಏರಿ ಬಂದು ಉಂಡೆಯನ್ನು ಮುಟ್ಟಿ ನೋಡಿ, ತನಗೆ ನೊಣವೊಂದೇ ಗೊತ್ತು, ಇದೆಲ್ಲ ತನ್ನಿಂದಾಗದು ಎಂದು ಸುಮ್ಮನಾಯಿತು.

"ಈ ನೂಲು ಎಲ್ಲಿಂದ ಬಂತು ಅಂದುಕೊಂಡೆ?" ಎಂದಳು ನೂಲವ್ವ. "ನೀನು ಕರಗಿಸಿಕೊಟ್ಟ ನೊಣಾನೇ ಅಲ್ವಾ ಇದು? ನಾನು ಉದ್ದಕ್ಕೆ ಎಳೆದಿದೀನಿ, ಅಷ್ಟೆ. ನಿನಗೂ ಬಿಡಿಸಿ ಹೇಳ್ಬೇಕಾ?"

ರಸ ಇನ್ನೊಮ್ಮೆ ರುಚಿ ನೋಡಿತು. ನೊಣದ ರುಚಿಯೇ. ಅದು ನಾಚಿಕೊಂಡು ಉಂಡೆಯ ತುಂಬ ಹರಡಿತು. ಅಂಟು ಸಡಿಲಿತು, ಎಳೆ ಸಡಿಲಿತು, ಉಂಡೆ ಕರಗಿ ಹೊಟ್ಟೆಗಿಳಿಯಿತು. ಸ್ವಲ್ಪ ಹೊತ್ತಿಗೆಲ್ಲ ಹೊಸ ಎಳೆ ಹೊರಟಿತು.

ಅವಳು ಮೊದಲು ನೇಯ್ದದ್ದು ಚೀಲವನ್ನು. ಇರುವೆಗಳು ಅದರ ಸುತ್ತ ಸುತ್ತಿ, ದಾರಿ ಸಿಗದೆ ವಾಪಸು ಹೋದವು. ಆಮೇಲೆ ಗಿಡದ ಮೇಲಿದ್ದ ಹರಕನ್ನೆಲ್ಲ ತಿಂದು ಮುಗಿಸಿದಳು. ಮೊಗ್ಗುಗಳು ಅರಳಿದವು. ಗಾಳಿರಾಯ ಮತ್ತೆ ಬಂದ, ಮತ್ತೆ ಹರಿದ. ನೂಲವ್ವ ಬೈದುಕೊಂಡೇ ತಿಂದಳು, ಬೈದುಕೊಂಡೇ ನೇಯ್ದಳು.

ಅದಕ್ಕೇ ಮಗೂ, ನಮ್ಮ ದಾಸವಾಳದ ಗಿಡದಲ್ಲಿ ಸಂಜೆ ಹರಕಲಾಗಿದ್ದ ಬಲೆ ಬೆಳಗಾಗುವಷ್ಟರಲ್ಲಿ ಹೊಸದಾಗಿರುತ್ತದೆ. ಈ ಅಟ್ಟದ ಮೂಲೆಯ ಜೇಡಗಳು ಮಾತ್ರ ನೂಲವ್ವನಿಂದ ಏನೂ ಕಲಿಯಲಿಲ್ಲ. ಅವು ಬಿಟ್ಟುಹೋದ ಬಲೆಗಳನ್ನು ಇವತ್ತಿಗೂ ನಾನೇ ಪೊರಕೆ ಹಿಡಿದು ಗುಡಿಸಬೇಕು.